ಬಾಂಡ್ ಮುರಿದರೆ ಜೈಲಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಇಲ್ಲ. ಇಷ್ಟು ವರ್ಷ ಕೆಲಸ ಬಿಡಲ್ಲ, ಬಿಟ್ಟರೆ ಇಷ್ಟು ದುಡ್ಡು ಕಟ್ಟುತ್ತೇನೆ ಅಂತ ಕಂಪನಿಗೆ ಬರೆದುಕೊಟ್ಟ ಬಾಂಡ್ ಮುರಿದು ಕೆಲಸ ಬಿಟ್ಟರೆ ಜೈಲಿಗೆ ಹಾಕಲ್ಲ. ಅಷ್ಟಕ್ಕೇ ಪೊಲೀಸರು ಮನೆಗೆ ಬರಲ್ಲ. ಅದು ಸಿವಿಲ್ ವಿಷಯ, ದುಡ್ಡಿನ ಲೆಕ್ಕ. ವಕೀಲಿಕೆ ಮಾಡುವವಳು ಅಂತ ಗೊತ್ತಾದ ಕೂಡಲೇ ಮದುವೆ ಮನೆಯಲ್ಲೂ ಇದನ್ನೇ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ.

ಹಿಂದೆ ಜೈಲು ಇತ್ತು, ನಿಜ. 1859ರಲ್ಲಿ ಬ್ರಿಟಿಷರು ತಂದ ಕಾಯ್ದೆಯ ಪ್ರಕಾರ, ಮುಂಗಡ ತಗೊಂಡ ಕೂಲಿಯವನು ಕೆಲಸಕ್ಕೂ ಬಾರದೆ, ದುಡ್ಡೂ ವಾಪಸ್ ಕೊಡದೆ ಹೋದರೆ ಮೂರು ತಿಂಗಳವರೆಗೆ ಒಳಗೆ ಹಾಕಬಹುದಿತ್ತು. ಅದನ್ನು ರದ್ದು ಮಾಡುವ ಕಾಯ್ದೆ 1925ರಲ್ಲೇ ಬಂತು. ಆದರೂ ಇವತ್ತಿಗೂ ಕೆಲವು ಎಚ್‌ಆರ್‌ನವರು ಇಪ್ಪತ್ತೆರಡು ವರ್ಷದ ಮಕ್ಕಳಿಗೆ ‘ಕ್ರಿಮಿನಲ್ ಕೇಸ್ ಹಾಕ್ತೀವಿ’ ಅಂತ ಹೆದರಿಸುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ.

ಒಂದು ಗೃಹಪ್ರವೇಶದ ಊಟದಲ್ಲಿ ಪಕ್ಕದಲ್ಲಿ ಕೂತವರು ಅನ್ನ ಕಲಸುವುದನ್ನು ನಿಲ್ಲಿಸಿ, ಎಡಗೈಯಲ್ಲಿ ಫೋನ್ ತೆಗೆದು ಮಗಳ ಒಪ್ಪಂದದ ಫೋಟೊ ತೋರಿಸಿದರು. ಎರಡು ವರ್ಷ ಬಿಡುವಂತಿಲ್ಲ. ಬಿಟ್ಟರೆ ಮೂರು ಲಕ್ಷ ‘ತರಬೇತಿ ವೆಚ್ಚ’ ಕಟ್ಟಬೇಕು. ನಾನು ಸಹಿಯ ಕೆಳಗಿನ ತಾರೀಕು ನೋಡಿದೆ. ಮಗಳು ಕೆಲಸಕ್ಕೆ ಸೇರಿ ಒಂದು ತಿಂಗಳಾದ ಮೇಲಿನದ್ದು ಅದು! ಅಷ್ಟರಲ್ಲಿ ಬೇರೆ ಕಡೆ ಬಂದಿದ್ದ ಕೆಲಸಗಳನ್ನೆಲ್ಲ ಅವಳು ಬೇಡ ಅಂದಾಗಿತ್ತು. ಒರಿಜಿನಲ್ ಮಾರ್ಕ್ಸ್ ಕಾರ್ಡುಗಳೂ ಕಂಪನಿಯ ಬೀರುವಿನಲ್ಲಿದ್ದವು.

"ಉಂಡ ಮನೆಗೆ ದ್ರೋಹ ಬಗೆದಂಗಾಗಲ್ವಾ ಮೇಡಂ?" ಅಂದರು. ಯಾವ ಊಟ ಸ್ವಾಮಿ? ತಿಂಗಳಿಡೀ ದುಡಿದು ಸಂಬಳ ತಗೊಂಡಿದ್ದಾಳೆ. ಋಣ ಅಲ್ಲಿಗೆ ತೀರಿತು.

ಜೈಲಿಲ್ಲ ಅಂದೆ. ತಕ್ಷಣ ಅವರ ದನಿ ಬದಲಾಯಿತು. "ಹಾಗಾದ್ರೆ ಒಂದು ಪೈಸೆನೂ ಕೊಡೋದು ಬೇಡ. ಏನೂ ಆಗಲ್ಲ ಅಲ್ವಾ?"

ಹಾಗೂ ಅಲ್ಲ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಹೇಳುವುದು ಇಷ್ಟು: ಒಪ್ಪಂದದಲ್ಲಿ ಬರೆದ ಮೊತ್ತ ಮೇಲಿನ ಮಿತಿ ಮಾತ್ರ. ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟು ಅಂತ ಕೋರ್ಟ್ ನೋಡುತ್ತದೆ. ಮೂರು ಲಕ್ಷ ಬರೆದ ಮಾತ್ರಕ್ಕೆ ಮೂರು ಲಕ್ಷ ಸಿಗಲ್ಲ. ಬಲವಂತವಾಗಿ ಅದೇ ಕೆಲಸದಲ್ಲಿ ಮುಂದುವರಿಸುವ ಆದೇಶವಂತೂ ಸಿಗುವುದೇ ಇಲ್ಲ. ಆದರೆ ಪೂರ್ತಿ ಮೊತ್ತ ಕಟ್ಟಬೇಕಾಗಿ ಬಂದದ್ದೂ ಉಂಟು. ನಮ್ಮ ವಿಜಯಾ ಬ್ಯಾಂಕಿನ ಪ್ರಕರಣವನ್ನೇ ನೋಡಿ. ಮೂರು ವರ್ಷ ತುಂಬುವ ಮುಂಚೆ ಬಿಟ್ಟರೆ ಎರಡು ಲಕ್ಷ ಅನ್ನುವ ಷರತ್ತಿತ್ತು. 2007ರಲ್ಲಿ ಸೇರಿದ ಅಧಿಕಾರಿಯೊಬ್ಬರು 2009ರಲ್ಲಿ ಬಿಟ್ಟರು, ಆಕ್ಷೇಪಣೆ ಇಟ್ಟುಕೊಂಡೇ ದುಡ್ಡು ಕಟ್ಟಿದರು, ಕೇಸ್ ಹಾಕಿದರು. ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕಿನ ಪರ ತೀರ್ಪು ಕೊಟ್ಟಿತು. ಸರ್ಕಾರಿ ಬ್ಯಾಂಕು ತನಗೆ ಬೇಕಾದವರನ್ನು ಸುಮ್ನೆ ಕರೆದು ಕೂರಿಸುವ ಹಾಗಿಲ್ಲ, ಮತ್ತೆ ಜಾಹೀರಾತು ಕೊಟ್ಟು ನೇಮಕಾತಿ ನಡೆಸಬೇಕು, ಅದಕ್ಕೆ ಖರ್ಚಿದೆ ಅನ್ನುವುದು ಮುಖ್ಯ ಕಾರಣ.

ಆ ತೀರ್ಪು ನನಗೆ ಅನ್ಯಾಯ ಅನ್ನಿಸಲ್ಲ. ಆ ಷರತ್ತು ನೇಮಕಾತಿಯ ಜಾಹೀರಾತಿನಲ್ಲೇ ಇತ್ತು. ಬೇಡ ಅನ್ನಿಸಿದವರು ಅರ್ಜಿ ಹಾಕದೇ ಇರಬಹುದಿತ್ತು. ಈ ಹುಡುಗಿಗೆ ಬೇಡ ಅನ್ನುವ ದಾರಿಯನ್ನೇ ಮುಚ್ಚಿ ಆಮೇಲೆ ಕಾಗದ ಮುಂದಿಟ್ಟರು. ಹಾಗೆ ಪಡೆದ ಮಾತನ್ನು ಮುರಿದರೆ ಅದನ್ನು ನಾನು ತಪ್ಪು ಅನ್ನಲಾರೆ. ಹಾಗಂತ ಅವಳು ಕಂಪನಿಯಿಂದ ಏನನ್ನೂ ತಗೊಂಡಿಲ್ಲ ಅಂತಲೂ ಅಲ್ಲ.

ಇದನ್ನು ಅಪ್ಪನಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವಳು ಮಗಳು. ಮಾರನೇ ದಿನ ಫೋನ್ ಮಾಡಿ, "ನಾನು ಅವರಿಗೆ ನಿಜವಾಗಿ ಎಷ್ಟು ಕೊಡಬೇಕಾಗುತ್ತೆ ಮೇಡಂ?" ಅಂತ ಕೇಳಿದಳು. ಯಾರಾದರೂ ಇದನ್ನು ಕೇಳಲಿ ಅಂತಲೇ ನಾನು ಕಾಯುತ್ತಿರುತ್ತೇನೆ. ಜೈಲಿನ ಮಾತಿಲ್ಲ, ತಪ್ಪಿಸಿಕೊಳ್ಳುವ ಮಾತೂ ಇಲ್ಲ.

ಕೂತು ಲೆಕ್ಕ ಹಾಕಿದೆವು. ಸೀನಿಯರ್‌ಗಳು ಪಕ್ಕದಲ್ಲಿ ಕೂತು ಕೆಲಸ ತೋರಿಸಿಕೊಟ್ಟಿದ್ದು ತರಬೇತಿಯಲ್ಲ, ಅದು ಯಾವ ಕೆಲಸದಲ್ಲೂ ಇರುವುದೇ. ಆದರೆ ಹೊರಗಿನ ಸಂಸ್ಥೆಯ ಒಂದು ಸರ್ಟಿಫಿಕೇಟ್ ಪರೀಕ್ಷೆಗೆ ಕಂಪನಿ ಶುಲ್ಕ ಕಟ್ಟಿತ್ತು. ಆ ಸರ್ಟಿಫಿಕೇಟ್ ಹೊಸ ಕೆಲಸದಲ್ಲೂ ಅವಳ ಜೊತೆ ಹೋಗುತ್ತದೆ. ಅದರ ದುಡ್ಡು ಕೊಡು ಅಂದೆ. ನೋಟಿಸ್ ಅವಧಿ ಪೂರ್ತಿ ಮುಗಿಸು, ಕೈಯಲ್ಲಿರುವ ಕೆಲಸವನ್ನು ಮುಂದಿನವರಿಗೆ ಸರಿಯಾಗಿ ವಹಿಸು ಅಂದೆ. ಅದೆಲ್ಲ ಮೂರು ಲಕ್ಷದ ಹತ್ತಿರಕ್ಕೂ ಬರಲಿಲ್ಲ.

ಇದನ್ನೇ ಪತ್ರದಲ್ಲಿ ಬರೆದು ಕಳಿಸಿದಳು, ಮಾರ್ಕ್ಸ್ ಕಾರ್ಡು ವಾಪಸ್ ಕೊಡಿ ಅಂತಲೂ ಸೇರಿಸಿದಳು. ನೀವೂ ಹಾಗೇ ಮಾಡಿ. ಇನ್ನೂ ಬಾಕಿ ಇದೆ ಅನ್ನುವ ಕಂಪನಿ ಕೋರ್ಟಿಗೆ ಹೋಗಿ ತನ್ನ ಖರ್ಚಿನ ಲೆಕ್ಕ ತೋರಿಸಲಿ. ನೀವು ಓದಿ ಗಳಿಸಿದ ಅಂಕಪಟ್ಟಿಯನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಅದಕ್ಕಿಲ್ಲ.