ಕಣ್ಣು ಹೋದ ಕಡೆ ಗಾಡಿ

ಅಪ್ಪ ನನ್ನ ಗಾಡಿಯ ಕನ್ನಡಿಗಳನ್ನು ಬಿಚ್ಚುತ್ತಿದ್ದರು. ಅವ್ವ ಗ್ಯಾರೇಜಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. 'ಹಿಂದೆ ಬರೋರು ಕಾಣೋದು ಬ್ಯಾಡ್ವಾ ಅವನಿಗೆ?' ಅಂತ ಕೇಳಿದಳು. ಅಪ್ಪ ಏನೂ ಹೇಳಲಿಲ್ಲ. ಸ್ಪ್ಯಾನರ್ ತಿರುಗಿಸುತ್ತಲೇ ಇದ್ದರು.

ಕೊಯಮತ್ತೂರಿನ ರೇಸ್ ತರಬೇತಿ ಶಾಲೆಯವರು ಒಂದು ಪಟ್ಟಿ ಕಳಿಸಿದ್ದರು. ಕನ್ನಡಿ, ಇಂಡಿಕೇಟರ್, ನಂಬರ್ ಪ್ಲೇಟ್, ಸೈಡ್ ಸ್ಟ್ಯಾಂಡ್ ಎಲ್ಲವನ್ನೂ ತೆಗೆಯಬೇಕು. ಹೆಡ್‌ಲೈಟಿಗೆ ಟೇಪ್ ಸುತ್ತಬೇಕು, ಬಿದ್ದರೆ ಗಾಜಿನ ಚೂರು ಟ್ರ್ಯಾಕಿನ ಮೇಲೆ ಚೆಲ್ಲಬಾರದು. ರೇಡಿಯೇಟರಿನ ಕೂಲಂಟ್ ತೆಗೆದು ಬರೀ ನೀರು ತುಂಬಬೇಕು. ಕೂಲಂಟ್ ಜಾರುತ್ತದೆ, ನೀರಾದರೆ ಬೇಗ ಆರುತ್ತದೆ. ಕೊನೆಯದು ಲಾಕ್ ವೈರ್. ಎಂಜಿನ್ ಆಯಿಲ್ ಬಿಡುವ ಬೋಲ್ಟಿನ ತಲೆಗೆ ಸಣ್ಣ ತೂತು ಕೊರೆದು, ಅದರಲ್ಲಿ ತಂತಿ ತೂರಿಸಿ, ಬೋಲ್ಟ್ ಯಾವತ್ತೂ ಬಿಗಿಯುವ ಕಡೆಗೇ ಎಳೆಯುವ ಹಾಗೆ ಹೊಸೆದು ಕಟ್ಟಬೇಕು.

26 ವರ್ಷದಿಂದ ಗಾಡಿ ರಿಪೇರಿ ಮಾಡುತ್ತಿರುವ ಅಪ್ಪ ಈ ಕೆಲಸ ಮಾಡಿರಲಿಲ್ಲ. ಕೊರೆಯುವಾಗ ಎರಡು ಡ್ರಿಲ್ ಬಿಟ್ ಮುರಿದವು. ಮೂರನೆಯದು ತೂತು ಹಾಕಿತು. ತಂತಿ ಹೊಸೆದು ಮುಗಿಸಿದ ಮೇಲೆ ಅದರ ಮೇಲೆ ಬೆರಳಾಡಿಸಿ, ಆಗ ಅವ್ವನಿಗೆ ಉತ್ತರ ಕೊಟ್ಟರು. 'ಇದು ಇವನಿಗಲ್ಲ ಕಣೆ. ಇವನ ಹಿಂದೆ ಬರೋನಿಗೆ. ಒಂದು ತೊಟ್ಟು ಆಯಿಲ್ ಸೋರಿದ್ರೂ ಅವನು ಜಾರ್‍ತಾನೆ.'

ನಮ್ಮದು ಚಾಮರಾಜನಗರ. ಗ್ಯಾರೇಜಿನ ಗೋಡೆಯಲ್ಲಿ ದೇವರ ಪಟದ ಪಕ್ಕ ಪೇಪರಿನಿಂದ ಕತ್ತರಿಸಿದ ಒಂದು ಚಿತ್ರ ಇದೆ. ಬೆಂಗಳೂರಿನ ಸಿ.ಎಸ್. ಸಂತೋಷ್ ಅವರದ್ದು. 2015ರಲ್ಲಿ, ಮರಳುಗಾಡು, ಬೆಟ್ಟಗಳಲ್ಲಿ ದಿನಗಟ್ಟಲೆ ನಡೆಯುವ ಡಕಾರ್ ರ‍್ಯಾಲಿಯನ್ನು ಬೈಕಿನಲ್ಲಿ ಮುಗಿಸಿದ ಮೊದಲ ಭಾರತೀಯ ಅವರು. 36ನೇ ಸ್ಥಾನ. ಆಗ ನನಗೆ ಹತ್ತು ವರ್ಷ. 'ಗೆದ್ದವರ ಚಿತ್ರ ಯಾಕೆ ಹಾಕಿಲ್ಲ?' ಅಂತ ಕೇಳಿದ್ದೆ. ಮುಗಿಸೋದೇ ಅಲ್ಲಿ ಕಷ್ಟ ಅಂತ ಅಪ್ಪ ಹೇಳಿದ್ದರು. ಆ ಚಿತ್ರ ನೋಡಿಕೊಂಡೇ ನಾನು ಪಂಕ್ಚರ್ ಹಾಕುವುದು ಕಲಿತೆ, ಚೈನ್ ಬಿಗಿ ಮಾಡುವುದು ಕಲಿತೆ. 18 ತುಂಬಿದಾಗ ಒಂದು ಹಳೇ ಯಮಹಾ ಆರ್15 ಬೈಕ್ ಸಿಕ್ಕಿತು. 149 ಸಿಸಿ, ಆರು ಗೇರ್. ಗಿರಾಕಿಯೊಬ್ಬರು ಎಂಜಿನ್ ಹಾಳಾಗಿದೆ ಅಂತ ಬಿಟ್ಟುಹೋಗಿದ್ದ ಗಾಡಿ. ಅಪ್ಪ ಮತ್ತು ನಾನು ಎರಡು ತಿಂಗಳು ಕೂತು ಅದನ್ನು ಬದುಕಿಸಿದೆವು.

ಅದೇ 2023ರ ಆಗಸ್ಟಿನಲ್ಲಿ ಚೆನ್ನೈ ಹತ್ತಿರದ ಟ್ರ್ಯಾಕಿನಲ್ಲಿ ಬೆಂಗಳೂರಿನ 13 ವರ್ಷದ ಹುಡುಗನೊಬ್ಬ ರೇಸಿನಲ್ಲಿ ಬಿದ್ದು ತೀರಿಕೊಂಡ. ಟಿವಿಯಲ್ಲಿ ಅವನ ಫೋಟೋ ಬಂದಾಗ ಅವ್ವ ಅನ್ನದ ತಟ್ಟೆ ಹಿಡಿದು ಹಾಗೇ ಕೂತಿದ್ದಳು. ಅದಾದ ಮೇಲೆ ಒಂದು ವರ್ಷ ನಮ್ಮ ಮನೆಯಲ್ಲಿ ರೇಸ್ ಅನ್ನುವ ಮಾತೇ ಇರಲಿಲ್ಲ. ನಾನೂ ಎತ್ತಲಿಲ್ಲ. ಆ ಹುಡುಗನ ನಗು ನನಗೂ ಎಷ್ಟೋ ರಾತ್ರಿ ನೆನಪಾಗುತ್ತಿತ್ತು.

ಆದರೆ ನಾನು ಬೇರೊಂದು ಕೆಲಸ ಮಾಡುತ್ತಿದ್ದೆ. ಭಾನುವಾರ ಬೆಳಗ್ಗೆ ಗೆಳೆಯರ ಜೊತೆ ದಿಂಬಂ ಘಾಟಿಗೆ ಹೋಗುತ್ತಿದ್ದೆ. ಪುಣಜನೂರು ಚೆಕ್‌ಪೋಸ್ಟ್ ದಾಟಿ, ಹಾಸನೂರಿನಲ್ಲಿ ಟೀ ಕುಡಿದು, ದಿಂಬಂನಿಂದ ಬಣ್ಣಾರಿಗೆ ಇಳಿಯುವ 27 ಹೇರ್‌ಪಿನ್ ತಿರುವುಗಳಲ್ಲಿ ಗಾಡಿ ಮಲಗಿಸಿ ಓಡಿಸುವುದು. ಎದುರಿಂದ ಲಾರಿ ಬರುತ್ತದೆ, ಆನೆ ಬರುತ್ತದೆ, ಕುಟುಂಬದವರು ಕಾರಿನಲ್ಲಿ ಬರುತ್ತಾರೆ. ಅದು ತಪ್ಪು ಅಂತ ನನಗೆ ಗೊತ್ತಿತ್ತು. ಒಂದು ದಿನ 14ನೇ ತಿರುವಿನಲ್ಲಿ ಕಬ್ಬಿನ ಲಾರಿಯೊಂದರ ಮುಂದಿನ ಚಕ್ರ ನನ್ನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ಹೋಯಿತು. ಮನೆಗೆ ಬಂದು ಅವ್ವನಿಗೆ ಎಲ್ಲಾ ಹೇಳಿಬಿಟ್ಟೆ. ಅವಳು ಬೈಯಲಿಲ್ಲ. ರಾತ್ರಿ ಊಟ ಆದ ಮೇಲೆ ಒಂದೇ ಮಾತು ಕೇಳಿದಳು. 'ಆ ಸ್ಕೂಲಿಗೆ ಸೇರಿಸಿದ್ರೆ ಘಾಟಿಗೆ ಹೋಗೋದು ಬಿಡ್ತೀಯಾ?' ಬಿಟ್ಟೆ. ಆವತ್ತಿನಿಂದ ಆ ರಸ್ತೆಯಲ್ಲಿ ಆ ಥರ ಓಡಿಸಿಲ್ಲ.

ಡಿಸೆಂಬರಿನ ಒಂದು ಶುಕ್ರವಾರ ಹೊರಟೆವು. ಪಕ್ಕದ ಮನೆಯವರ ಪಿಕಪ್ ಗಾಡಿ, ದಿನಾ ಬಾಳೆಗೊನೆ ಸಾಗಿಸುವುದು. ಬಾಳೆದಿಂಡಿನ ವಾಸನೆಯ ನಡುವೆ ನನ್ನ ಆರ್15 ಹಗ್ಗ ಬಿಗಿಸಿಕೊಂಡು ನಿಂತಿತ್ತು. ಕೊಯಮತ್ತೂರಿಗೆ ಸುಮಾರು 130 ಕಿಲೋಮೀಟರ್. ಅದೇ ಘಾಟಿ ಇಳಿದೆವು, ಅಪ್ಪ ಎರಡನೇ ಗೇರಿನಲ್ಲಿ, ಪ್ರತಿ ತಿರುವಿಗೂ ಹಾರ್ನ್ ಮಾಡಿಕೊಂಡು.

ಕರಿ ಮೋಟಾರ್ ಸ್ಪೀಡ್‌ವೇ ಇರುವುದು ಊರಾಚೆ ಚೆಟ್ಟಿಪಾಳಯಂನಲ್ಲಿ. ಉದ್ದ 2.1 ಕಿಲೋಮೀಟರ್ ಅಷ್ಟೆ, 2003ರಲ್ಲಿ ಶುರುವಾದದ್ದು. ಆ ಹೆಸರು ಎಸ್. ಕರಿವರ್ಧನ್ ಅವರದ್ದು. ಕೊಯಮತ್ತೂರಿನದೇ ರೇಸರ್. ಮಾರುತಿ ಎಂಜಿನ್ ಹಾಕಿ ಕಡಿಮೆ ಖರ್ಚಿನ ರೇಸ್ ಕಾರು ಕಟ್ಟಿ, ದುಡ್ಡು ಜಾಸ್ತಿ ಇಲ್ಲದವರಿಗೂ ರೇಸಿನ ದಾರಿ ತೆರೆದವರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಇದನ್ನು ಅಲ್ಲಿನ ಟೀ ಅಂಗಡಿಯಲ್ಲಿ ಕೇಳಿದಾಗ ಅಪ್ಪನ ಮುಖ ಬೆಳಗಿತು. ಕೈಯಲ್ಲಿ ಸ್ಪ್ಯಾನರ್ ಹಿಡಿದವನ ಹೆಸರನ್ನು ಒಂದು ಟ್ರ್ಯಾಕಿಗೆ ಇಟ್ಟಿದ್ದಾರೆ, ಅಲ್ವಾ!

ಶನಿವಾರ ಬೆಳಗ್ಗೆ ಆರೂವರೆಗೆ ಗಾಡಿ ತಪಾಸಣೆ. ಒಬ್ಬರು ನೆಲಕ್ಕೆ ಕೂತು ಟಾರ್ಚ್ ಬಿಟ್ಟು ಲಾಕ್ ವೈರ್ ನೋಡಿದರು. ಯಾರು ಕಟ್ಟಿದ್ದು ಅಂತ ಕೇಳಿದರು. ಅಪ್ಪ ಕೈ ಎತ್ತಿದರು, ಶಾಲೆ ಹುಡುಗನ ಹಾಗೆ. 'ಚೆನ್ನಾಗಿದೆ' ಅಂದು ಮುಂದಿನ ಗಾಡಿಗೆ ಹೋದರು. ಆಮೇಲೆ ನನ್ನ ಹೆಲ್ಮೆಟ್, ಗ್ಲೌಸ್, ಬೂಟು, ಬೆನ್ನಿನ ಕಾಪು. ಚರ್ಮದ ಸೂಟು ಮಾತ್ರ ಬಾಡಿಗೆಯದು. ಹಾಕಿಕೊಂಡರೆ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಗಾಡಿ ಮೇಲೆ ಬಾಗಿ ಕೂತಾಗಲೇ ಅದು ಮೈಗೆ ಸರಿಹೊಂದುವುದು.

ಹನ್ನೆರಡು ಜನ ಇದ್ದೆವು. ಗಾಡಿ ಮುಟ್ಟುವ ಮೊದಲು ಬಾವುಟಗಳ ಪಾಠ. ಹಳದಿ ಆಡಿಸಿದರೆ ಮುಂದೆ ಅಪಾಯ ಇದೆ, ಯಾರನ್ನೂ ದಾಟಬಾರದು. ಕೆಂಪು ಅಂದರೆ ಎಲ್ಲರೂ ನಿಧಾನ ಮಾಡಿ, ಟ್ರ್ಯಾಕಿನ ಪಕ್ಕ ಗಾಡಿ ನಿಲ್ಲಿಸುವ ಪಿಟ್‌ಗೆ ವಾಪಸ್. ಹಳದಿಯಲ್ಲಿ ಕೆಂಪು ಪಟ್ಟೆ ಇದ್ದರೆ ಟ್ರ್ಯಾಕ್ ಜಾರುತ್ತಿದೆ. ನೀಲಿ ಅಂದರೆ ನಿನಗಿಂತ ಜೋರಾಗಿ ಬರುವವನು ಹಿಂದೆ ಇದ್ದಾನೆ. 'ಹಿಂದೆ ತಿರುಗಿ ನೋಡಬೇಡಿ. ನಿಮ್ಮ ದಾರಿ ಬದಲಿಸಬೇಡಿ. ದಾಟುವುದು ಹಿಂದಿನವನ ಜವಾಬ್ದಾರಿ' ಅಂತ ಕೋಚ್ ಹೇಳಿದರು. ಅವ್ವನ ಪ್ರಶ್ನೆಗೆ ಇದೂ ಒಂದು ಉತ್ತರ ಅಂತ ಅನ್ನಿಸಿತು.

ಮೊದಲ ಸೆಷನ್ನಿನಲ್ಲಿ ಬ್ರೇಕ್ ಮುಟ್ಟುವ ಹಾಗಿಲ್ಲ, ನಾಲ್ಕನೇ ಗೇರಿನಲ್ಲೇ ಇರಬೇಕು, ಬದಲಿಸುವ ಹಾಗಿಲ್ಲ. ವೇಗವನ್ನು ಥ್ರಾಟಲ್‌ನಲ್ಲೇ ಅಳೆದು ತಿರುವಿಗೆ ಹೋಗಬೇಕು. ಪ್ರತಿ ತಿರುವಿನಲ್ಲೂ ಮೂರು ಕೋನ್ ಇಟ್ಟಿದ್ದರು. ಒಂದು ಬಾಗಲು ಶುರು ಮಾಡುವ ಜಾಗ, ಒಂದು ಒಳ ಅಂಚು ಮುಟ್ಟುವ ಜಾಗ, ಒಂದು ಹೊರಗೆ ಬರುವ ಜಾಗ. ಮೊದಲನೆಯದನ್ನು ಮುಟ್ಟುವ ಮೊದಲೇ ಕಣ್ಣು ಎರಡನೆಯದಕ್ಕೆ ಹೋಗಿರಬೇಕು. ಎರಡನೆಯದನ್ನು ಮುಟ್ಟುವ ಮೊದಲೇ ಮೂರನೆಯದಕ್ಕೆ.

ಕೇಳಲು ಸುಲಭ. ನನ್ನಿಂದ ಆಗಲೇ ಇಲ್ಲ. ಕಣ್ಣು ಮತ್ತೆ ಮತ್ತೆ ಮುಂದಿನ ಚಕ್ರದ ಹತ್ತಿರಕ್ಕೇ ಬಂದು ಬೀಳುತ್ತಿತ್ತು. ಕೋಚ್ ನನ್ನ ಹಿಂದೆ ಎರಡು ಸುತ್ತು ಬಂದು, ಪಿಟ್‌ನಲ್ಲಿ ಹೆಲ್ಮೆಟ್ ತೆಗೆಸಿ ಕೂರಿಸಿದರು. ಅವರು ಬೆಂಗಳೂರಿನವರು, ಕನ್ನಡದಲ್ಲೇ ಮಾತಾಡಿದರು. 'ಏನ್ ಹುಡುಕ್ತಿದ್ದೀಯಾ ನೆಲದಲ್ಲಿ?'

ಆಗ ನನಗೆ ಗೊತ್ತಾಯಿತು. ನಾನು ಗುಂಡಿ ಹುಡುಕುತ್ತಿದ್ದೆ. ನಮ್ಮ ರಸ್ತೆ ಕಲಿಸಿದ್ದೇ ಅದು. ಗುಂಡಿ, ಹಂಪು, ಜಲ್ಲಿಕಲ್ಲು, ರಾಗಿ ಒಣಹಾಕಿದ್ದು, ಮಲಗಿದ ನಾಯಿ. ಹತ್ತು ಅಡಿ ಮುಂದೆ ನೋಡಿ ಓಡಿಸುವವನು ನಮ್ಮಲ್ಲಿ ಒಳ್ಳೇ ಸವಾರ. ಆ ಕಣ್ಣು ನನ್ನನ್ನು ಎಷ್ಟೋ ಸಲ ಉಳಿಸಿದೆ, ಅದನ್ನು ತಪ್ಪು ಅನ್ನಲಾರೆ. ಆದರೆ ಇಲ್ಲಿ ಗುಂಡಿ ಇಲ್ಲ. ಎದುರಿಂದ ಯಾರೂ ಬರುವುದಿಲ್ಲ. ರಸ್ತೆಯ ಪೂರ್ತಿ ಅಗಲ ನಿನ್ನದು. ಹೊರ ಅಂಚಿನಿಂದ ಬಂದು, ಒಳ ಅಂಚು ಸವರಿ, ಮತ್ತೆ ಹೊರ ಅಂಚಿಗೆ ಹೋಗಬಹುದು. ಘಾಟಿಯಲ್ಲಿ ನಾನು ಕಲಿತಿದ್ದೆ ಅಂದುಕೊಂಡಿದ್ದ ತಿರುವು ಅರ್ಧ ರಸ್ತೆಯ ತಿರುವು, ಭಯದ ತಿರುವು.

ಮಧ್ಯಾಹ್ನದ ಮೇಲೆ ಬ್ರೇಕ್ ಬಳಸಲು ಬಿಟ್ಟರು. ಮುಂದಿನ ಬ್ರೇಕು, ಎರಡು ಬೆರಳು, ಗಾಡಿ ನೆಟ್ಟಗಿರುವಾಗ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬಂದು, ಟೈರು ನೆಲವನ್ನು ಒತ್ತಿ ಹಿಡಿಯುವುದು ಕೈಗೆ ಗೊತ್ತಾಗುತ್ತದೆ. ಮೈಯ ಭಾರ ತೊಡೆಯ ಮೇಲಿರಬೇಕು, ಟ್ಯಾಂಕನ್ನು ತೊಡೆಯಿಂದ ಅವುಚಬೇಕು, ಕೈ ಮಾತ್ರ ಸಡಿಲ. ಸಂಜೆಗೆ ಒಂದು ಸುತ್ತು 1 ನಿಮಿಷ 41 ಸೆಕೆಂಡಿಗೆ ಬಂತು. ಅಪ್ಪ ಹಳೇ ಗ್ಯಾರೇಜ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡರು. ರಾತ್ರಿ ಲಾಡ್ಜಿನಲ್ಲಿ ನನ್ನ ತೊಡೆ ನಡುಗುತ್ತಿತ್ತು, ಅನ್ನ ಕಲಸಲು ಬಲಗೈ ಮಡಚುತ್ತಿರಲಿಲ್ಲ.

ಬಿದ್ದದ್ದು ಭಾನುವಾರ, ಎರಡನೇ ಸೆಷನ್ನಿನಲ್ಲಿ.

ಅದನ್ನು ಸರಿಯಾಗಿ ಹೇಳಬೇಕು. ಎಡಕ್ಕೆ ಒಂದು ತಿರುವು. ಅಲ್ಲಿ ಡಾಂಬರಿನ ಮೇಲೆ ಕಪ್ಪು ತೇಪೆಯೊಂದಿತ್ತು, ಹಿಂದಿನ ದಿನ ಹತ್ತಿಪ್ಪತ್ತು ಸಲ ಅದರ ಪಕ್ಕ ಹೋಗಿದ್ದೆ. ಆ ಸುತ್ತಿನಲ್ಲಿ ಸ್ವಲ್ಪ ಜಾಸ್ತಿ ವೇಗದಲ್ಲಿ ಬಂದೆ. ಗಾಡಿ ಬಾಗಿತು. ಒಳಗಿನ ಕೋನ್ ನೋಡಬೇಕಿತ್ತು, ತೇಪೆ ಕಣ್ಣಿಗೆ ಬಿತ್ತು. ಎಣ್ಣೆಯಾ ಅನ್ನಿಸಿತು. ಅಷ್ಟೇ. ಕಣ್ಣು ಅಲ್ಲೇ ಅಂಟಿಕೊಂಡಿತು. ಗಾಡಿ ಕಣ್ಣಿನ ಹಿಂದೆ ಹೋಯಿತು. ಬೆರಳು ತಾನಾಗಿ ಬ್ರೇಕ್ ಹಿಡಿಯಿತು, ಗಾಡಿ ಬಾಗಿರುವಾಗ. ಬಾಗಿದಾಗ ಟೈರು ನೆಲ ಮುಟ್ಟುವುದು ಅಂಗೈಗಿಂತ ಕಡಿಮೆ ಜಾಗ, ಅದು ತಿರುಗಬೇಕೋ ನಿಲ್ಲಿಸಬೇಕೋ? ಮುಂದಿನ ಚಕ್ರ ಮಡಚಿಕೊಂಡಿತು.

ಸದ್ದು ಮೊದಲು ಬಂತು, ಹ್ಯಾಂಡಲ್ ನೆಲ ಕೆರೆಯುವ ಸದ್ದು. ಆಮೇಲೆ ನಾನು ಬೆನ್ನ ಮೇಲೆ ಜಾರುತ್ತಿದ್ದೆ, ಆಕಾಶ ಕಾಣುತ್ತಿತ್ತು. ಸೂಟು ಬಿಸಿಯಾಯಿತು. ಹುಲ್ಲಿನ ಮೇಲೆ ನಿಂತೆ. ಕೈ ಎತ್ತಿ ನೋಡಿದೆ, ಕಾಲು ಆಡಿಸಿದೆ. ಎಲ್ಲಾ ಇತ್ತು. ಆಗ ಟ್ರ್ಯಾಕಿನ ಅಂಚಿನಲ್ಲಿ ಕಾವಲಿಗೆ ನಿಂತ ಮಾರ್ಷಲ್ ಹಳದಿ ಬಾವುಟ ಆಡಿಸುತ್ತಿದ್ದುದು ಕಂಡಿತು. ಬಿಸಿಲಲ್ಲಿ ನಿಂತ, ನನಗೆ ಹೆಸರೂ ಗೊತ್ತಿಲ್ಲದ ಒಬ್ಬರು. ನನ್ನ ಹಿಂದೆ ಬಂದ ಹುಡುಗರೆಲ್ಲ ಆ ಬಾವುಟ ನೋಡಿ ನಿಧಾನ ಮಾಡಿ, ಸಾಲಾಗಿ, ಒಬ್ಬರನ್ನೊಬ್ಬರು ದಾಟದೆ ಹೋದರು. ಒಬ್ಬ ಹೆಲ್ಮೆಟ್ಟಿನೊಳಗಿಂದಲೇ ತಲೆ ಆಡಿಸಿ ಹೋದ. ಘಾಟಿಯಲ್ಲಿ ಬಿದ್ದಿದ್ದರೆ ಯಾರು ಬಾವುಟ ಆಡಿಸುತ್ತಿದ್ದರು? ಗಂಟಲು ಕಟ್ಟಿತು.

ಎಡಗಡೆ ಹ್ಯಾಂಡಲ್ ಬಾಗಿತ್ತು, ಕ್ಲಚ್ ಲಿವರ್ ಅರ್ಧ ಮುರಿದಿತ್ತು. ಅಪ್ಪ ಓಡಿ ಬರಲಿಲ್ಲ. ಪಿಟ್ ಗೋಡೆ ದಾಟಬಾರದು ಅನ್ನುವ ನಿಯಮ, ಅವರು ಅಲ್ಲೇ ನಿಂತಿದ್ದರು, ಗೋಡೆಯ ಮೇಲೆ ಎರಡೂ ಕೈ ಊರಿ. ನಾನು ಹತ್ತಿರ ಬಂದಾಗ ಮೊದಲು ನನ್ನ ಕುತ್ತಿಗೆ ಮುಟ್ಟಿ ನೋಡಿದರು, ಆಮೇಲೆ ಭುಜ, ಆಮೇಲೆ ಮಣಿಕಟ್ಟು. ಡಾಕ್ಟರ್ ನೋಡಿ ಪರವಾಗಿಲ್ಲ ಅಂದ ಮೇಲೆ ಗಾಡಿ ಕಡೆ ತಿರುಗಿ, ಕೆಳಗೆ ಬಗ್ಗಿದರು. ಒಂದು ತೊಟ್ಟೂ ಸೋರಿರಲಿಲ್ಲ.

ಕೋಚ್ ನನಗೆ ಒಂದೇ ಪ್ರಶ್ನೆ ಕೇಳಿದರು, ಎಲ್ಲಿ ನೋಡ್ತಿದ್ದೆ ಅಂತ. ತೇಪೆ ಅಂದೆ. ಅವರು ನನ್ನನ್ನು ಅದೇ ತಿರುವಿಗೆ ನಡೆಸಿಕೊಂಡು ಹೋದರು, ಊಟದ ಬಿಡುವಿನಲ್ಲಿ. ಬಗ್ಗಿ ಕೈಯಿಂದ ಸವರಲು ಹೇಳಿದರು. ಒಣಗಿದ ಡಾಂಬರು. ಪಕ್ಕದ ಡಾಂಬರಿಗಿಂತ ಒರಟಾಗಿಯೇ ಇತ್ತು. ಆ ಬಿಸಿ ನೆಲದ ಮೇಲೆ ಅಂಗೈ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತಿದ್ದೆ.

ಕೊನೆಯ ಸೆಷನ್ನಿಗೆ ಹೋಗಬೇಕಾ ಬೇಡವಾ ಅಂತ ಯಾರೂ ಒತ್ತಾಯ ಮಾಡಲಿಲ್ಲ. ಅಪ್ಪ ಹ್ಯಾಂಡಲ್ ನೇರ ಮಾಡಿ, ಬೇರೆ ಲಿವರ್ ಹಾಕಿ, ಗಾಡಿಯನ್ನು ಸ್ಟ್ಯಾಂಡಿಗೆ ನಿಲ್ಲಿಸಿ, ಬಟ್ಟೆಯಲ್ಲಿ ಕೈ ಒರೆಸಿಕೊಂಡು ದೂರ ಹೋಗಿ ನಿಂತರು. ನಾನು ಹೋದೆ. ಮೊದಲ ಎರಡು ಸುತ್ತು ಆ ತಿರುವಿನಲ್ಲಿ ಮೈ ಬಿಗಿಯಾಯಿತು. ಮೂರನೆಯ ಸುತ್ತಿನಲ್ಲಿ ಬಲವಂತವಾಗಿ ಗಲ್ಲ ಎತ್ತಿ, ಒಳಗಿನ ಕೋನ್ ನೋಡಿ, ಅಲ್ಲಿಂದ ಹೊರಗಿನ ಕೋನ್‌ಗೆ ಕಣ್ಣು ಹಾಯಿಸಿದೆ. ತೇಪೆ ಯಾವಾಗ ಹಿಂದೆ ಹೋಯಿತೋ ತಿಳಿಯಲಿಲ್ಲ. ಮೊದಲ ಸಲ ಟ್ರ್ಯಾಕ್ ಪೂರ್ತಿ ಕಂಡಿತು. ಅಗಲವಾಗಿ, ಉದ್ದಕ್ಕೆ, ಒಂದು ತಿರುವಿನಿಂದ ಇನ್ನೊಂದಕ್ಕೆ ಹೊಸೆದ ಹಾಗೆ. ದೂರ ನೋಡಿದರೆ ಎಲ್ಲವೂ ನಿಧಾನ ಆಗುತ್ತದೆ. ಗಾಡಿ ಅಷ್ಟೇ ವೇಗದಲ್ಲಿ ಹೋಗುತ್ತಿರುತ್ತದೆ, ಮನಸ್ಸಿಗೆ ಮಾತ್ರ ಹೊತ್ತು ಸಿಗುತ್ತದೆ. 1 ನಿಮಿಷ 33.

ಸಂಜೆ ಸರ್ಟಿಫಿಕೇಟ್ ಕೊಟ್ಟರು. ದೇಶದ ಮೋಟಾರ್ ರೇಸ್‌ಗಳನ್ನು ನೋಡಿಕೊಳ್ಳುವ ಒಕ್ಕೂಟ ಎಫ್‌ಎಂಎಸ್‌ಸಿಐಯ ಲೈಸೆನ್ಸಿಗೆ ಅರ್ಜಿ ಹಾಕುವಾಗ ಬೇಕಾಗುತ್ತದೆ ಅಂದರು. ಲೈಸೆನ್ಸ್ ಇಲ್ಲದೆ ರೇಸಿಗೆ ಇಳಿಯುವ ಹಾಗಿಲ್ಲ.

ವಾಪಸ್ ಬರುವಾಗ ಬಣ್ಣಾರಿಯಲ್ಲೇ ನಿಂತೆವು. ರಾತ್ರಿ ಹೊತ್ತು ಗೂಡ್ಸ್ ಗಾಡಿಗಳನ್ನು ಘಾಟಿಗೆ ಬಿಡುವುದಿಲ್ಲ, ಕಾಡುಪ್ರಾಣಿಗಳು ರಸ್ತೆ ದಾಟುತ್ತವೆ. ಪಿಕಪ್ಪಿನಲ್ಲೇ ಮಲಗಿದೆವು. ಅವ್ವನಿಗೆ ಫೋನ್ ಮಾಡಿ ಬಿದ್ದದ್ದನ್ನು ಹೇಳಿದೆ. ಮುಚ್ಚಿಡಬಾರದು ಅಂತ ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು. ಅವಳು ತುಂಬಾ ಹೊತ್ತು ಸುಮ್ನಿದ್ದಳು. ಆಮೇಲೆ, 'ಸೂಟು ಬಾಡಿಗೇದು ಬ್ಯಾಡ. ನಿನ್ನ ಅಳತೇದು ತಗೊಳ್ಳಣ' ಅಂದಳು.

ಸೋಮವಾರ ಕಾಲೇಜಿಗೆ ಅದೇ ಗಾಡಿ ಬೇಕಿತ್ತು. ಅಪ್ಪ ಕನ್ನಡಿ ಹಾಕಿದರು, ಇಂಡಿಕೇಟರ್, ಸೈಡ್ ಸ್ಟ್ಯಾಂಡ್, ನಂಬರ್ ಪ್ಲೇಟ್ ಎಲ್ಲಾ ಹಾಕಿದರು, ನೀರು ತೆಗೆದು ಕೂಲಂಟ್ ತುಂಬಿದರು. ಲಾಕ್ ವೈರ್ ಮಾತ್ರ ಬಿಚ್ಚಲಿಲ್ಲ. ಮುಂದಿನ ತಿಂಗಳು ಆಯಿಲ್ ಬದಲಿಸಲು ಅದನ್ನು ಕತ್ತರಿಸಿದರು, ಬೋಲ್ಟ್ ಬಿಗಿದರು, ಹೊಸ ತಂತಿ ತೂರಿಸಿ ಮತ್ತೆ ಹೊಸೆದರು.