ಅಪ್ಪನ ಸ್ಕ್ಯಾನ್ ಎಐಗೆ ಹಾಕಿ ನೋಡ್ತೀರಾ?

ಮಿದುಳಿನ ಎಂಆರ್‌ಐ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವುದು ನನ್ನ ಕೆಲಸ ಅಂತ ಗೊತ್ತಾದರೆ ಸಾಕು, ಮದುವೆ ಮನೆಯಲ್ಲೂ ಯಾರಾದರೊಬ್ಬರು ಪಕ್ಕಕ್ಕೆ ಕರೆಯುತ್ತಾರೆ. "ಅಪ್ಪನಿಗೆ ಕೈ ನಡುಗುತ್ತೆ, ನಡಿಗೆ ನಿಧಾನ ಆಗಿದೆ. ಸ್ಕ್ಯಾನ್ ಸಿಡಿ ಇದೆ. ಪಾರ್ಕಿನ್ಸನ್ ಹೌದಾ ಅಂತ ಎಐಗೆ ಹಾಕಿ ನೋಡ್ತೀರಾ?"

ಇಲ್ಲ, ನೋಡುವುದಿಲ್ಲ. ಆದರೆ ಪ್ರಶ್ನೆ ತಳ್ಳಿಹಾಕುವಂಥದ್ದೂ ಅಲ್ಲ.

ಪಾರ್ಕಿನ್ಸನ್‌ನಂತೆಯೇ ಶುರುವಾಗುವ ಬೇರೆ ಕಾಯಿಲೆಗಳಿವೆ, ಮುಖ್ಯವಾಗಿ ಪಿಎಸ್‌ಪಿ (ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ) ಮತ್ತು ಎಂಎಸ್‌ಎ (ಮಲ್ಟಿಪಲ್ ಸಿಸ್ಟಮ್ ಅಟ್ರೋಫಿ). ಪಿಎಸ್‌ಪಿ ಇದ್ದವರು ಬೇಗನೆ ಬೀಳತೊಡಗುತ್ತಾರೆ, ಅದೂ ಹಿಂದಕ್ಕೆ. ಕಣ್ಣುಗುಡ್ಡೆ ಕೆಳಕ್ಕೆ ಹೊರಳುವುದು ಕಷ್ಟವಾಗಿ, ತಟ್ಟೆಯಲ್ಲಿರುವ ಅನ್ನ ನೋಡಲು, ಮೆಟ್ಟಿಲಿಳಿಯಲು ಒದ್ದಾಡುತ್ತಾರೆ. ಎಂಎಸ್‌ಎಯಲ್ಲಿ ಎದ್ದು ನಿಂತ ಕೂಡಲೇ ಬಿಪಿ ಇಳಿದು ಕಣ್ಣು ಕತ್ತಲೆ ಬರಬಹುದು. ಎರಡಕ್ಕೂ ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆ ಅಷ್ಟಾಗಿ ನಾಟುವುದಿಲ್ಲ, ಮಿದುಳಿನೊಳಗೆ ವಿದ್ಯುತ್ ತಂತಿ ಇಡುವ ಡಿಬಿಎಸ್ ಆಪರೇಷನ್ನಿನಿಂದಲೂ ಪ್ರಯೋಜನವಿಲ್ಲ. ಅದು ತಿಳಿಯದೆ ಮನೆಯವರು ವರ್ಷಗಟ್ಟಲೆ ಡೋಸ್ ಏರಿಸಿಕೊಂಡು ಕಾಯುವುದನ್ನು ಕಂಡರೆ ಕರುಳು ಚುರುಕ್ ಅನ್ನುತ್ತದೆ.

ಪಿಎಸ್‌ಪಿ ಬಲಿತಾಗ ಮಿದುಳುಕಾಂಡದ ಮೇಲ್ಭಾಗ ಸವೆದು, ಪಕ್ಕದಿಂದ ತೆಗೆದ ಚಿತ್ರದಲ್ಲಿ ಉದ್ದ ಕೊಕ್ಕಿನ ಪುಟ್ಟ ಹಕ್ಕಿಯಂತೆ ಕಾಣುತ್ತದೆ. ಶುರುವಿನಲ್ಲಿ ಮಾತ್ರ ಮಾಮೂಲಿ ಎಂಆರ್‌ಐ ಎಷ್ಟೋ ಸಲ ನಾರ್ಮಲ್ ಅಂತಲೇ ಬರುತ್ತದೆ. ಡಿಫ್ಯೂಷನ್ ಎಂಆರ್‌ಐ ಅಳೆಯುವುದು ಅಂಗಾಂಶದೊಳಗೆ ನೀರಿನ ಓಡಾಟವನ್ನು. ಕೋಶಗಳು ನಶಿಸಿದ ಕಡೆ ಅಡೆತಡೆಯಿಲ್ಲದ ನೀರು ಹೆಚ್ಚುತ್ತದೆ. ಪಾರ್ಕಿನ್ಸನ್‌ನಲ್ಲಿ ಅದು ಹೆಚ್ಚಾಗಿ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಚಿಕ್ಕ ಜಾಗದಲ್ಲಿ. ಉಳಿದೆರಡರಲ್ಲಿ ಇನ್ನೂ ಹಲವು ಕಡೆ, ಒಂದೊಂದಕ್ಕೂ ಅದರದೇ ವಿನ್ಯಾಸ. ನಮ್ಮ ಕಣ್ಣಿಗೆ ಸಿಗದ ಆ ವಿನ್ಯಾಸವನ್ನು ಮೆಷಿನ್ ಲರ್ನಿಂಗ್, ಅಂದರೆ ಉದಾಹರಣೆಗಳಿಂದ ಕಲಿಯುವ ಎಐ, ಹಿಡಿಯುತ್ತದೆ.

ಫ್ಲೋರಿಡಾ ವಿಶ್ವವಿದ್ಯಾಲಯದ ತಂಡವೊಂದು 21 ಕೇಂದ್ರಗಳ 249 ರೋಗಿಗಳನ್ನು ಸೇರಿಸಿಕೊಂಡು ಈ ವಿಧಾನವನ್ನು ಪರೀಕ್ಷಿಸಿ, 2025ರಲ್ಲಿ ಫಲಿತಾಂಶ ಪ್ರಕಟಿಸಿತು. ನಾನು ಮತ್ತೆ ಮತ್ತೆ ಓದಿದ್ದು ಅದರ ಇನ್ನೊಂದು ಅಂಕಿಯನ್ನು: ಮರಣೋತ್ತರ ಪರೀಕ್ಷೆಗೆ ಸಿಕ್ಕ 49 ಮಿದುಳುಗಳಲ್ಲಿ 46ರಲ್ಲಿ ಯಂತ್ರ ಹೇಳಿದ್ದೇ ನಿಜವಾಗಿತ್ತು.

ಹಾಗಿದ್ದರೆ ನಿಮ್ಮಪ್ಪನದನ್ನು ಯಾಕೆ ಹಾಕಬಾರದು? ಆ ಯಂತ್ರಕ್ಕೆ ಗೊತ್ತಿರುವುದು ಈ ಮೂರೇ ಕಾಯಿಲೆ. ಥೈರಾಯ್ಡ್‌ನಿಂದಲೋ ಯಾವುದೋ ಮಾತ್ರೆಯಿಂದಲೋ ಕೈ ನಡುಗುತ್ತಿದ್ದರೂ ಅದು ಮೂರರಲ್ಲಿ ಒಂದನ್ನೇ ಆರಿಸೀತು. ನಿಮ್ಮ ಸಿಡಿಯಲ್ಲಿ ಅದಕ್ಕೆ ಬೇಕಾದ ಬಗೆಯ ಡಿಫ್ಯೂಷನ್ ಸ್ಕ್ಯಾನ್ ಇರುವ ಸಂಭವವೂ ಕಡಿಮೆ. ಮೊದಲು ನ್ಯೂರಾಲಜಿಸ್ಟ್ ಹತ್ತಿರ ಹೋಗಿ. ಅಪ್ಪ ನಡೆಯುವುದು, ತಿರುಗುವುದು, ಮೆಟ್ಟಿಲಿಳಿಯುವುದು, ಇವನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಹೋಗಿ.

ಇನ್ನೊಂದು ಮಾತು. ಯಂತ್ರಕ್ಕೆ ಕಲಿಸುವ ನಮಗೆ ಕೊನೆಯ ಉತ್ತರ ಸಿಗುವುದು ಸತ್ತವರ ಮಿದುಳಿನಿಂದಲೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ, ದಾನವಾಗಿ ಬಂದ ಮಿದುಳುಗಳನ್ನು ಸಂಶೋಧನೆಗೆ ಕಾಪಿಡುವ ಜಾಗ. ಡಾ. ರಾಜ್‌ಕುಮಾರ್ ಕಣ್ಣು ಕೊಟ್ಟು ಹೋದ ಮೇಲೆ ನೇತ್ರದಾನ ನಮ್ಮಲ್ಲಿ ಮನೆಮಾತಾಯಿತು; ಮಿದುಳು ದಾನದ ಮಾತನ್ನು ಎತ್ತುವವರೇ ಇಲ್ಲ. ಮದುವೆ ಮನೆಯಲ್ಲಿ ನಿಂತು ನನಗೂ ಅದನ್ನು ಹೇಳಲಾಗುವುದಿಲ್ಲ. ಅದಕ್ಕೇ ಇಲ್ಲಿ ಬರೆದೆ.