ಗುಳೆ ಹೋಗಿ ಬಂದ ಪುಸ್ತಕಗಳು

ಯಾದಗಿರಿ ಜಿಲ್ಲೆಯ ಒಂದು ಲಂಬಾಣಿ ತಾಂಡಾದಲ್ಲಿ ನಾವು ನಾಲ್ಕು ಜನ ಸೇರಿ ಮಕ್ಕಳ ಲೈಬ್ರರಿ ಶುರು ಮಾಡಿ ನಾಲ್ಕು ವರ್ಷವಾಯಿತು. ನಮ್ಮೂರಲ್ಲೂ ಹೀಗೊಂದು ಮಾಡಬೇಕು ಅಂತ ಆಗಾಗ ಯಾರಾದರೂ ಫೋನ್ ಮಾಡುತ್ತಾರೆ. ಎಷ್ಟು ಕಪಾಟು ಬೇಕು, ಎಷ್ಟು ಪುಸ್ತಕ, ದುಡ್ಡು ಎಷ್ಟು ಹಿಡಿಯುತ್ತದೆ, ಇವೇ ಮೊದಲ ಪ್ರಶ್ನೆಗಳು. ನಾನು ಮೊದಲು ಎತ್ತುವುದು ಬೀಗದ ಮಾತು.

ಸೇವಾಲಾಲ್ ಗುಡಿಯ ಪಕ್ಕ ಸಮುದಾಯ ಭವನದಲ್ಲಿ ಒಂದು ಕೋಣೆ ಸಿಕ್ಕಿತ್ತು. ಯಾರೋ ಕೊಟ್ಟ ಕಬ್ಬಿಣದ ಬೀರು, ಅದರಲ್ಲಿ ಸುಮಾರು 300 ಪುಸ್ತಕ, ಬೀರುವಿಗೆ ಬೀಗ, ಕೀಲಿ ನನ್ನ ಚೀಲದಲ್ಲಿ. ಶನಿವಾರ, ಭಾನುವಾರ ನಾನು ಬಸ್ಸಿನಲ್ಲಿ ಹೋಗಿ ತೆಗೆದರೆ ಮಾತ್ರ ಲೈಬ್ರರಿ. ಇಲ್ಲೇ ಕೂತು ಓದಬೇಕು, ಮನೆಗೆ ಒಯ್ಯುವಂತಿಲ್ಲ ಅಂತ ನಿಯಮ ಬೇರೆ. ಹರಿದು ಹಾಕುತ್ತಾರೆ ಅನ್ನುವ ಭಯ ನನಗೆ.

ಎಂಟು ವರ್ಷದ ಹುಡುಗಿಯೊಬ್ಬಳು ಪ್ರತಿ ವಾರ ಬಂದು ಬಾಗಿಲಲ್ಲೇ ನಿಲ್ಲುತ್ತಿದ್ದಳು. ಸೊಂಟದ ಮೇಲೆ ತಮ್ಮ. ಒಳಗೆ ಬಂದರೆ ಅವನು ಅಳುತ್ತಾನೆ, ಉಳಿದವರು ಬೈತಾರೆ ಅಂತ ಅಲ್ಲಿಂದಲೇ ಕತ್ತು ಚಾಚಿ ಚಿತ್ರ ನೋಡುವುದು. ಒಂದು ದಿನ ಕೇಳಿಯೇ ಬಿಟ್ಟಳು. "ಅಕ್ಕಾರ, ಒಂದ್ ಬುಕ್ ಒಯ್ಲೇನ್ರೀ? ರಾತ್ರಿ ಇವ ಮಕ್ಕೊಂಡ ಮ್ಯಾಲ ನೋಡ್ತೀನ್ರೀ." ನಾನು ಬೇಡ ಅಂದೆ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಆ ಮಗುವಿಗೆ ಓದಲು ಸಿಗುವ ಹೊತ್ತು ಅದೊಂದೇ, ಆ ಹೊತ್ತಿಗೆ ಪುಸ್ತಕ ಬೀಗದೊಳಗೆ ಇತ್ತು.

ನಮ್ಮ ದೇಶದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಮೊದಲನೆಯದು, ಪುಸ್ತಕ ಇರುವುದು ಬಳಸಲಿಕ್ಕೆ. ಹಿಂದೆ ಯುರೋಪಿನಲ್ಲಿ ಪುಸ್ತಕಗಳನ್ನು ಕಪಾಟಿಗೆ ಸರಪಳಿ ಹಾಕಿ ಕಟ್ಟುತ್ತಿದ್ದ ಕಾಲವನ್ನು ಅವರು ಅಲ್ಲಿ ನೆನೆಸಿಕೊಳ್ಳುತ್ತಾರೆ. ಇದನ್ನೆಲ್ಲ ನಾನು ಓದಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ನನ್ನ ಬೀರುವಿನ ಬೀಗವೂ ಅದೇ ಸರಪಳಿ ಅಂತ ಹೊಳೆದದ್ದು ಮಾತ್ರ ಆ ಹುಡುಗಿ ಕೇಳಿದ ಮೇಲೆ.

ಮುಂದಿನ ವಾರ ಬೀಗ ತೆಗೆದೆವು. ಕೋಣೆಯ ಕೀಲಿ ತಾಂಡಾದಲ್ಲೇ ಇರಲಿ ಅಂತ ಏಳನೇ ಕ್ಲಾಸಿನ ಇಬ್ಬರು ಮಕ್ಕಳಿಗೆ ಕೊಟ್ಟೆವು. ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಪುಸ್ತಕ ನೇತುಹಾಕಿದೆವು. ಮುಖಪುಟ ಕಾಣಬೇಕು, ಬೆನ್ನು ಕಂಡರೆ ಓದು ಬಾರದ ಮಗುವಿಗೆ ಏನು ಗೊತ್ತಾಗುತ್ತದೆ? ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಹೆಸರು, ಪುಸ್ತಕ, ಒಯ್ದ ದಿನ, ತಂದ ದಿನ ಅಂತ ನಾಲ್ಕು ಮನೆ ಮಾಡಿದೆವು. ರಿಜಿಸ್ಟರ್ ಅಂದರೆ ಇಷ್ಟೇ. ದಂಡ ಇಲ್ಲ. ಹರಿದರೆ ಬೈಗುಳ ಇಲ್ಲ, ಎಲ್ಲರೂ ಕೂತು ಅಂಟಿಸುವುದು. ಮೊದಲ ವರ್ಷ 25ಕ್ಕೂ ಜಾಸ್ತಿ ಪುಸ್ತಕ ವಾಪಸ್ ಬರಲಿಲ್ಲ. ಅದರಿಂದ ಲೈಬ್ರರಿಗೆ ನಷ್ಟವಾಯಿತು ಅಂತ ನನಗೆ ಅನಿಸುವುದಿಲ್ಲ. ಬಂದ ಪುಸ್ತಕಗಳ ಮೇಲೆ ಎಣ್ಣೆ ಕಲೆ, ರೊಟ್ಟಿ ಹಿಟ್ಟು. ಗೆದ್ದಲು ತಿಂದದ್ದು ಅದಕ್ಕಿಂತ ಹೆಚ್ಚು, ಬೀರುವಿನೊಳಗೆ ಯಾರೂ ಮುಟ್ಟದೆ ಇಟ್ಟಿದ್ದ ಸಾಲಿನಲ್ಲೇ.

ಪುಸ್ತಕ ಮನೆಗೆ ಹೋದ ಮೇಲೆ ಇನ್ನೊಂದು ವಿಷಯ ಎದುರಾಯಿತು. ಈ ಮಕ್ಕಳ ಮನೆಮಾತು ಕನ್ನಡ ಅಲ್ಲ, ಗೋರ್ ಬೋಲಿ, ಅಂದರೆ ಲಂಬಾಣಿ. ಅದಕ್ಕೆ ತನ್ನದೇ ಲಿಪಿ ಇಲ್ಲ, ನಮ್ಮಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತಾರೆ. ಎರಡನೇ ಕ್ಲಾಸಿನ ಹುಡುಗನೊಬ್ಬ "ತಾ... ಯಿ" ಅಂತ ಕೂಡಿಸಿ ಓದಿ ಮುಗಿಸಿ ನನ್ನ ಮುಖ ನೋಡಿದ. ಓದಿದ್ದ, ಆದರೆ ಏನು ಓದಿದೆ ಅಂತ ಅವನಿಗೇ ಗೊತ್ತಿಲ್ಲ. ಪಕ್ಕದವಳು "ಯಾಡಿ" ಅಂದಳು. ಅವನು ತಕ್ಷಣ ಹಿಂದಿನ ಪುಟಕ್ಕೆ ಹೋಗಿ ಚಿತ್ರದಲ್ಲಿದ್ದ ಹೆಂಗಸಿನ ಮೇಲೆ ಬೆರಳಿಟ್ಟು ಮೊದಲಿಂದ ಓದಲು ಶುರು ಮಾಡಿದ.

ಅವತ್ತಿನಿಂದ ನಾವು ಓದಿ ಹೇಳುವಾಗ ಮೊದಲು ಲಂಬಾಣಿಯಲ್ಲಿ ಮಾತು, ಆಮೇಲೆ ಕನ್ನಡದ ಪುಟ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ವೆಬ್‌ಸೈಟ್ ಸ್ಟೋರಿವೀವರ್‌ನಲ್ಲಿ ಕನ್ನಡದ ಮಕ್ಕಳ ಕಥೆಗಳು ಬೇಕಾದಷ್ಟಿವೆ. ಓದಿನ ನಾಲ್ಕು ಹಂತಗಳಲ್ಲಿ ಜೋಡಿಸಿದ್ದಾರೆ. ಮುಕ್ತ ಲೈಸೆನ್ಸ್ ಇರುವುದರಿಂದ ಡೌನ್‌ಲೋಡ್ ಮಾಡಿ ಪ್ರಿಂಟ್ ಹಾಕಿಸಬಹುದು, ಅನುವಾದವನ್ನೂ ಮಾಡಬಹುದು. ನಾವು ತಾಲ್ಲೂಕಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಪ್ರತಿ ಪುಟದ ಕೆಳಗೆ ಬಿಳಿ ಹಾಳೆಯ ಪಟ್ಟಿ ಅಂಟಿಸಿ, ಅದರಲ್ಲಿ ಮಕ್ಕಳಿಂದಲೇ ಗೋರ್ ಬೋಲಿ ಬರೆಸಿದೆವು. ಒಂದು ಪದ ಹೇಗೆ ಬರೆಯಬೇಕು ಅಂತ ಜಗಳ ಬಂದರೆ ಹೊರಗೆ ಕೂತ ಅಜ್ಜಿಯರನ್ನು ಕೇಳುವುದು. ಅವರಿಗೆ ಅಕ್ಷರ ಬಾರದು, ಆದರೆ ತೀರ್ಪು ಅವರದೇ.

ದಾನದ ಪುಸ್ತಕದ ಬಗ್ಗೆ ಒಂದೇ ಮಾತು. ಹಳೆಯ ಗೈಡು, ಎಂಜಿನಿಯರಿಂಗ್ ಪಠ್ಯ, ಪ್ರವಚನಗಳ ಸಂಪುಟ, ಎಲ್ಲ ಮೂಟೆಗಟ್ಟಲೆ ಬರುತ್ತವೆ. ಬೇಡ ಅನ್ನಿ. ಬಡ ಮಕ್ಕಳಿಗೆ ಏನಾದರೂ ಸಾಕು ಅನ್ನುವ ಭಾವನೆ ನನಗೆ ತುಂಬಾ ನೋವು ಕೊಡುತ್ತದೆ.

ಪಂಚಾಯಿತಿ ಲೈಬ್ರರಿ ಇಲ್ಲವಾ ಅಂತ ಕೇಳುತ್ತಾರೆ. ಇದೆ, ನಾಲ್ಕು ಕಿಲೋಮೀಟರ್ ದೂರದ ಊರಲ್ಲಿ. 2020ರ ನವೆಂಬರ್‌ನಲ್ಲಿ ಸರ್ಕಾರ 'ಓದುವ ಬೆಳಕು' ಶುರು ಮಾಡಿ ಪಂಚಾಯಿತಿ ಲೈಬ್ರರಿಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ ಮಾಡಿತು. ನಿಜವಾಗಿಯೂ ಒಳ್ಳೆ ಕೆಲಸ. ಆದರೆ ಆರು ವರ್ಷದ ಮಗು ಕತ್ತಲಾಗುವ ಹೊತ್ತಿಗೆ ಅಷ್ಟು ದೂರ ನಡೆಯಲು ಆಗುತ್ತದಾ? ತಾಂಡಾದವರೂ ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಕರ ಕಟ್ಟುತ್ತಾರೆ. ನಾವು ಅಲ್ಲಿಂದ ತಿಂಗಳಿಗೊಮ್ಮೆ ಒಂದು ಕಟ್ಟು ಪುಸ್ತಕ ಕೊಡಿ ಅಂತ ಕೇಳಿದೆವು. ಮೂರು ಸಲ ಅರ್ಜಿ ಹಾಕಿದ ಮೇಲೆ ಕೊಟ್ಟರು. ನೀವೂ ಕೇಳಿ, ಅದು ನಿಮ್ಮ ಮಕ್ಕಳ ಪಾಲು.

ಇನ್ನು ಗುಳೆ. ದೀಪಾವಳಿ ಮುಗಿಯುತ್ತಿದ್ದ ಹಾಗೆ ತಾಂಡಾ ಅರ್ಧ ಖಾಲಿ. ಪುಣೆ, ಮುಂಬೈ ಕಡೆ ಕಟ್ಟಡದ ಕೆಲಸಕ್ಕೆ ಗಂಡ ಹೆಂಡತಿ ಹೋದರೆ ಮಕ್ಕಳೂ ಜೊತೆಗೇ. ಎರಡು ವರ್ಷ ಹಾಗೆ ನೋಡಿ, ಮೂರನೇ ವರ್ಷ ಹೋಗುವ ಪ್ರತಿ ಮಗುವಿನ ಕೈಗೂ ಮೂರು ಪುಸ್ತಕ ಕೊಟ್ಟು ಕಳಿಸಿದೆವು. "ಇವು ಇನ್ ಬರಾಂಗಿಲ್ಲ ಬಿಡ್ರಿ" ಅಂದರು ನಮ್ಮ ಜೊತೆಗಿದ್ದವರೊಬ್ಬರು. ಬರದಿದ್ದರೂ ಪರವಾಗಿಲ್ಲ ಅಂತ ಕಳಿಸಿದ್ದು.

ಕಾರಹುಣ್ಣಿಮೆ ಹೊತ್ತಿಗೆ ಒಬ್ಬೊಬ್ಬರೇ ವಾಪಸ್ ಬಂದರು. ಆರನೇ ಕ್ಲಾಸಿನ ಹುಡುಗನೊಬ್ಬ ಸಿಮೆಂಟ್ ಚೀಲದ ತುಂಡಿನಲ್ಲಿ ಸುತ್ತಿ ಪುಸ್ತಕ ತಂದ. ಮೂರಲ್ಲ, ಎರಡೇ. ಮೂಲೆಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದ್ದವು. ಒಂದರ ಕೊನೆಯ ಖಾಲಿ ಪುಟದಲ್ಲಿ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದ, ನಮ್ಮ ನೋಟ್‌ಬುಕ್ಕಿನ ಹಾಗೇ ನಾಲ್ಕು ಮನೆ. ಸೈಟಿನ ಶೆಡ್ಡುಗಳಲ್ಲಿದ್ದ ಕಲಬುರಗಿ, ವಿಜಯಪುರದ ಮಕ್ಕಳ ಹೆಸರು, ಒಟ್ಟು ಒಂಬತ್ತು. ಒಯ್ದ ದಿನ, ತಂದ ದಿನ ಎಲ್ಲ ಬರೆದಿದ್ದ. ಒಂದು ಹೆಸರಿನ ಮುಂದೆ ಮಾತ್ರ ಕೊನೆಯ ಮನೆ ಖಾಲಿ.

"ಅವರಪ್ಪಗ ಬ್ಯಾರೆ ಸೈಟಿಗಿ ಕಳಿಸಿದ್ರು ಅಕ್ಕಾರ. ಆಕಿಗಿ ಅರ್ಧ ಓದೋದಿತ್ತು, ಇಟ್ಕೋ ಅಂದೆ."

ಈ ದೀಪಾವಳಿಗೆ ಅವನಿಗೆ ಹತ್ತು ಪುಸ್ತಕ ಕಟ್ಟಿ ಕೊಡಬೇಕು, ಜೊತೆಗೆ ಒಂದು ಹೊಸ ನೋಟ್‌ಬುಕ್.